ರೋಕಿ ಪೊರ್ಬುಗಳ ಬಿಲ್ಲೆ

ರೋಕಿ ಪೊರ್ಬುಗಳು ಯಾರಿಗೂ ಒತ್ತಾಯ ಮಾಡಿ ಬಡಿಸಿದವರಲ್ಲ. ಎದ್ದು ಹೊರಟವನ ಕೈ ಹಿಡಿದು ಕೂರಿಸಿ, ಬೇಡ ಬೇಡ ಎಂದರೂ ಎಲೆಗೆ ಸುರಿಯುವುದೇ ಮರ್ಯಾದೆ ಎನ್ನುವ ನಮ್ಮ ಊರಲ್ಲಿ, ಅದೂ ಹೋಟೆಲು ಇಟ್ಟುಕೊಂಡು, ಹೀಗಿರಲು ಎಂಟೆದೆ ಬೇಕು.

ಪಡೀಲಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರನ್ನು ತುಳುವರಾದ ನಾವು ಗೌರವದಿಂದ ಪೊರ್ಬುಗಳು ಎನ್ನುವುದು ರೂಢಿ. ದುಬೈಯ ಒಂದು ಬ್ರೆಜಿಲ್ ಹೋಟೆಲಿನಲ್ಲಿ ಮಾಂಸ ಕೊಯ್ದು ಬಡಿಸುತ್ತಲೇ ಅವರ ಯೌವನ ಕಳೆದಿತ್ತು. ಊರಿಗೆ ಬಂದವರು ಹಂಪನಕಟ್ಟೆಯಲ್ಲಿ ಒಂದು ಮಹಡಿ ಹಿಡಿದು ಅಂಥದೇ ಹೋಟೆಲು ತೆರೆದರು. ಉದ್ದುದ್ದ ಕಬ್ಬಿಣದ ಸರಳುಗಳಿಗೆ ಕೋಳಿ, ಕುರಿ, ಹಂದಿ ಮಾಂಸ ಚುಚ್ಚಿ ಕೆಂಡದಲ್ಲಿ ಸುಡುವುದು. ಆ ಸರಳನ್ನೇ ಹಿಡಿದು ಮೇಜಿಂದ ಮೇಜಿಗೆ ಬಂದು, ತಟ್ಟೆಗೆ ತೆಳ್ಳಗೆ ಕೊಯ್ದು ಬೀಳಿಸುವುದು. ಒಂದು ಕೈಯಲ್ಲಿ ಸರಳು, ಇನ್ನೊಂದರಲ್ಲಿ ಚೂರಿ, ದಪ್ಪ ಬಿಳಿ ಮೀಸೆ. ಅಡುಗೆಮನೆಯ ಪರದೆ ಸರಿಸಿ ಅವರು ಹೊರಬಂದರೆ ಯಕ್ಷಗಾನದ ವೇಷವೊಂದು ರಂಗಸ್ಥಳಕ್ಕೆ ಬಂದ ಹಾಗಿರುತ್ತಿತ್ತು.

ಕೂತ ಪ್ರತಿಯೊಬ್ಬರ ಮುಂದೆಯೂ ಒಂದು ಮರದ ಬಿಲ್ಲೆ. ಒಂದು ಬದಿ ಹಸಿರು, ಇನ್ನೊಂದು ಬದಿ ಕೆಂಪು. ಹಸಿರು ಮೇಲಿದ್ದರೆ ಬಡಿಸುತ್ತಲೇ ಇರುತ್ತಾರೆ, ಕೆಂಪು ಮಾಡಿದರೆ ಹತ್ತಿರ ಸುಳಿಯುವುದಿಲ್ಲ. ಬ್ರೆಜಿಲ್ ಹೋಟೆಲುಗಳ ಪದ್ಧತಿಯೇ ಅದಂತೆ.

ಇದು ನಮ್ಮವರ ತಲೆಗೆ ಹೋಗಬೇಕಲ್ಲ! ನನ್ನ ವಿಠಲ ಮಾವ ಮೊದಲ ಸಲ ಹೋದವರು ಒಂದು ತುಂಡು ತಿಂದು, ಸಂಕೋಚದಿಂದ ಬಿಲ್ಲೆಯನ್ನು ಕೆಂಪಿಗೆ ತಿರುಗಿಸಿ ಕೂತರು. ಎರಡು ಸಲ ಬೇಡ ಅನ್ನುವುದು, ಮೂರನೇ ಸಲಕ್ಕೆ "ಛೆ, ನಿಮ್ಮದೊಂದು" ಎನ್ನುತ್ತ ತಟ್ಟೆ ಮುಂದೆ ಮಾಡುವುದು ಅವರು ಕಲಿತ ಕ್ರಮ. ಇಲ್ಲಿ ಬೇಡ ಅನ್ನಲಿಕ್ಕಾದರೂ ಯಾರಾದರೂ ಕೇಳಬೇಡವೇ? ಪೊರ್ಬುಗಳು ಘಮಘಮಿಸುವ ಸರಳು ಹಿಡಿದು, ನಕ್ಕು, ಮುಂದಿನ ಮೇಜಿಗೆ ಹೋದರು. ಮಾವ ಕೆಳಗಿಳಿದು ಎದುರಿನ ಹೋಟೆಲಿನಲ್ಲಿ ಗೋಳಿಬಜೆ ತಿಂದು, ಕರೆದು ಕೂರಿಸಿ ಉಪವಾಸ ಕೆಡವಿದರು ಎಂದು ನೆಂಟರಿಗೆಲ್ಲ ಸಾರಿದರು.

ನಾನು ಹೋಗಿ ಪೊರ್ಬುಗಳನ್ನೇ ಕೇಳಿದೆ.

"ನಾನೆಂತ ಮಾಡುದು ಮಾರಾಯ? ಅವರೇ ಕೆಂಪು ಇಟ್ಟದ್ದು. ಕೆಂಪು ಅಂದ್ರೆ ಕೆಂಪು. ಸಿಗ್ನಲಲ್ಲಿ ಕೆಂಪು ಇದ್ರೆ ಬಸ್ ಬರ್ತದಾ?"

"ನಮ್ಮ ಸಿಟಿ ಬಸ್ ಬರ್ತದೆ," ಎಂದೆ.

"ಅದು ಹೌದು," ಎಂದು ಹೊಟ್ಟೆ ಕುಣಿಸಿ ನಕ್ಕರು. ಕ್ರಮ ಮಾತ್ರ ಬದಲಿಸಲಿಲ್ಲ.

ಅಪ್ಪ ತೀರಿಕೊಂಡ ವರ್ಷ ಅಮ್ಮ ಊಟ ಬಿಟ್ಟಳು. ಎರಡು ತುತ್ತು ಗಂಜಿ, ಆಮೇಲೆ "ಸಾಕು". ರವಕೆಗಳೆಲ್ಲ ಸಡಿಲವಾದವು. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಬೇಕಾದೀತು ಎಂದರು ಡಾಕ್ಟರು. ಬಂದವರೆಲ್ಲ ತಟ್ಟೆ ಹಿಡಿದು ಬೆನ್ನು ಬಿದ್ದರು. ನಾನು ಬೈದೆ, ಗೋಗರೆದೆ. ಒತ್ತಾಯ ಹೆಚ್ಚಿದಷ್ಟೂ ಅವಳ ಬಾಯಿ ಬಿಗಿಯಾಯಿತು. ಅಪ್ಪನ ಹಿಂದೆಯೇ ಇವಳೂ ಹೊರಟಳು ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಒಂದು ದಿನ ಪೊರ್ಬುಗಳು ಕಂಪೌಂಡಿನ ಆಚೆಯಿಂದ ಅಮ್ಮನನ್ನು ಮಾತಾಡಿಸಿದರು. ತುಳುವಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟೇ: "ಸುಮತಿಯಕ್ಕ, ಯಾರೂ ಒತ್ತಾಯ ಮಾಡದ ಜಾಗ ಒಂದುಂಟು. ಬಂದು ಸುಮ್ಮನೆ ಕೂತ್ಕೊಳ್ಳಿ. ತಿನ್ನುದು ಬೇಡ."

ಮರುದಿನ ಮಧ್ಯಾಹ್ನ ಅಮ್ಮ ನನ್ನೊಂದಿಗೆ ಹೋಟೆಲಿನ ಮೆಟ್ಟಿಲು ಹತ್ತಿದಳು. ಕೂತ ಕೂಡಲೇ ಬಿಲ್ಲೆಯನ್ನು ಕೆಂಪಿಗೆ ತಿರುಗಿಸಿದಳು. ಕೋಳಿ ಬಂತು, ಕುರಿ ಬಂತು, ಸುಟ್ಟ ಸಾಸೇಜು ಬಂತು. ಎಲ್ಲವೂ ಅವಳನ್ನು ದಾಟಿ ಹೋದವು. ನನಗೆ ತಡೆಯಲಾಗಲಿಲ್ಲ. "ಒಂದು ತುಂಡಾದ್ರೂ ಹಾಕಿ ಪೊರ್ಬುಗಳೇ," ಎನ್ನುತ್ತ ಬಿಲ್ಲೆಗೆ ಕೈ ಚಾಚಿದೆ. ಅವರು ಚೂರಿಯ ಹಿಡಿಯಿಂದ ನನ್ನ ಕೈಯನ್ನು ಮೆಲ್ಲಗೆ ಸರಿಸಿದರು. "ಅದು ಅವರದ್ದು. ನೀನು ಮುಟ್ಟುದು ಬೇಡ."

ಕೊನೆಗೆ ಅನಾನಸು ಬಂತು. ಇಡೀ ಹಣ್ಣನ್ನು ಸರಳಿಗೆ ಚುಚ್ಚಿ, ಸಕ್ಕರೆ ದಾಲ್ಚಿನ್ನಿ ಪುಡಿ ಸವರಿ ಸುಟ್ಟದ್ದು. ಪೊರ್ಬುಗಳು ಅದನ್ನೂ ಹಿಡಿದು ಅಮ್ಮನ ಪಕ್ಕದಿಂದ ಹಾದು, ಆಚೆ ಮೇಜಿನವರಿಗೆ ಬಡಿಸತೊಡಗಿದರು. ಅಮ್ಮ ಆ ಕಡೆಯೇ ನೋಡುತ್ತಿದ್ದಳು. ಆಮೇಲೆ ಯಾರೋ ನೋಡಿಬಿಟ್ಟಾರು ಎಂಬಂತೆ, ಸೆರಗಿನ ಮರೆಯಲ್ಲಿ, ಬಿಲ್ಲೆಯನ್ನು ಮಗುಚಿದಳು.

ಪೊರ್ಬುಗಳು ಮರುಕ್ಷಣ ಅಲ್ಲಿದ್ದರು. ಶಾಭಾಸ್ ಅನ್ನಲಿಲ್ಲ, ನನ್ನತ್ತ ಕಣ್ಣು ಮಿಟುಕಿಸಲಿಲ್ಲ. ಒಂದು ತೆಳು ಹೋಳು ಕೊಯ್ದು ಹಾಕಿ ಹೋದರು. ಅದು ಮುಗಿಯಿತು, ಹಸಿರು ಹಾಗೇ ಇತ್ತು. ಇನ್ನೊಂದು ಹೋಳು. ಆಮೇಲೆ ಕೋಳಿ. ಪಾಯಸದಿಂದ ಶುರು ಮಾಡಿದ ಹಾಗೆ, ಕೊನೆಯಿಂದ ಶುರುವಾದ ಊಟ ಅದು.

ರಿಕ್ಷಾದಲ್ಲಿ ಅಮ್ಮ ಹೇಳಿದಳು. "ನಿಮ್ಮಪ್ಪ ಇರುವಾಗ ನಾನು ಸಾಕು ಅಂದ್ರೂ ಹಾಕ್ತಿದ್ರು. ನನಗೆ ಬೇಕು ಅಂತ ಹೇಳಿ ಅಭ್ಯಾಸವೇ ಇಲ್ಲ ಮಗ. ಇವತ್ತು ಪೊರ್ಬುಗಳು ಕಾದ್ರು ನೋಡು."

ಆ ಬಿಲ್ಲೆಯನ್ನು ಪೊರ್ಬುಗಳು ಅವಳಿಗೇ ಕೊಟ್ಟರು. ಮನೆಯಲ್ಲಿ ಅದು ಅವಳ ಬಟ್ಟಲಿನ ಪಕ್ಕ ಕೂತಿತು. ನಾವೂ ಬಾಯಿ ಮುಚ್ಚಿಕೊಂಡು ಅದಕ್ಕೆ ತಲೆಬಾಗಿದೆವು. ತಿಂಗಳುಗಳು ಕಳೆದಂತೆ ಅಮ್ಮ ಮೈತುಂಬಿಕೊಂಡಳು. ನನ್ನ ತಾಯಿಯನ್ನು ನನಗೆ ಉಳಿಸಿಕೊಟ್ಟವರು ಅವರು. ಇದನ್ನು ಅವರೆದುರು ಒಮ್ಮೆ ಹೇಳಿದಾಗ, "ಹೋಗು ಮಾರಾಯ, ಉಳಿಸಿದ್ದು ಅನಾನಸು," ಎಂದು ಮಾತು ಹಾರಿಸಿಬಿಟ್ಟಿದ್ದರು.

ಹೋದ ವರ್ಷ ಪೊರ್ಬುಗಳು ಹಾಸಿಗೆ ಹಿಡಿದರು, ಹೋಟೆಲು ಮುಚ್ಚಿತು. ಇನ್ನು ಮಾಡುವುದೇನೂ ಇಲ್ಲ ಎಂದು ಡಾಕ್ಟರು ಮನೆಗೆ ಕಳಿಸಿದ್ದರು. ನಾವು ನೋಡಲು ಹೋದಾಗ ಕೋಣೆ ತುಂಬ ಜನ, ಒಬ್ಬೊಬ್ಬರ ಕೈಯಲ್ಲೂ ಒಂದು ಚಮಚ. ಅವರ ಹೆಂಡತಿ ಲೀನಾಬಾಯಿ ಕಣ್ಣೊರೆಸಿಕೊಳ್ಳುತ್ತಿದ್ದರು. "ನೀರು ಗಂಜಿಯೂ ಇಳಿಯುದಿಲ್ಲ ಸುಮತಿಯಕ್ಕ. ನೀವಾದ್ರೂ ಹೇಳಿ."

ಅಮ್ಮ ತಂದಿದ್ದ ಗಂಜಿಯ ಬಟ್ಟಲನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟಳು. ಸೆರಗಿನ ಗಂಟಿನಿಂದ ಬಿಲ್ಲೆ ತೆಗೆದು, ಹಸಿರು ಮೇಲಾಗಿ, ಅವರ ಕೈಗೆ ಎಟಕುವಂತೆ ಇಟ್ಟಳು. ಪೊರ್ಬುಗಳು ಅದನ್ನು ನೋಡಿದರು. ಮೀಸೆಯಡಿ ನಗು ಸುಳಿಯಿತು. ನಿಧಾನಕ್ಕೆ ಕೈ ಎತ್ತಿ ಬಿಲ್ಲೆಯನ್ನು ಮಗುಚಿದರು.

ಅಮ್ಮ ಬಟ್ಟಲಿಗೆ ಮುಚ್ಚಳ ಮುಚ್ಚಿದಳು. "ಬಿಡಿ ಬಾಯಮ್ಮ," ಎಂದಳು ಲೀನಾಬಾಯಿಗೆ. "ಕೆಂಪು ಅಂದ್ರೆ ಕೆಂಪು." ಆಮೇಲೆ ಪೊರ್ಬುಗಳ ಕೈ ಹಿಡಿದು ಸುಮ್ಮನೆ ಕೂತಳು. ಚಮಚಗಳೆಲ್ಲ ಒಂದೊಂದಾಗಿ ಕೆಳಗಿಳಿದವು.

ಅವರನ್ನು ಮಣ್ಣು ಮಾಡಿ ಬಂದ ದಿನ ನಾವಿಬ್ಬರೂ ಊಟಕ್ಕೆ ಕೂತೆವು. ಅಮ್ಮನ ಬಟ್ಟಲಿನ ಪಕ್ಕ ಬಿಲ್ಲೆ ಇರಲಿಲ್ಲ. ಅದನ್ನು ಪೊರ್ಬುಗಳ ಜೊತೆಯಲ್ಲೇ ಕಳಿಸಿದ್ದಳು. ಇವಳು ಮತ್ತೆ ಊಟ ಬಿಟ್ಟಾಳೇ ಎಂಬ ಹಳೆಯ ಹೆದರಿಕೆ ನನಗೆ. ಆದರೂ ಒತ್ತಾಯ ಮಾಡಲಿಲ್ಲ, ಕಾದೆ. ಅಮ್ಮ ಮೀನು ಸಾರಿನಲ್ಲಿ ಅನ್ನ ಕಲಸಿದಳು, ಉಂಡಳು, ಕಣ್ಣೊರೆಸಿಕೊಂಡಳು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು.

"ಬಂಗುಡೆ ಇನ್ನೊಂದು ತುಂಡು ಬೇಕು ನನಗೆ," ಎಂದಳು.