ಹೊರದ ಕೊಡದ ನೋವು

ಹಳೇಕೋಟೆ ಪಕ್ಕದ ಊರಿಗೆ ನಾನು ಸೊಸೆಯಾಗಿ ಬಂದ ಹೊಸತು. ಯುದ್ಧದ ಕಾಲ, ಸೀಮೆಎಣ್ಣೆಗೂ ಪರದಾಟ. ಮುಟ್ಟು ನಿಂತಿತು, ವಾಂತಿ ಶುರುವಾಯಿತು. ಬಸುರಿ ಅಂದುಕೊಂಡು ಅತ್ತೆ ನನ್ನ ಮುದ್ದೆಗೆ ತುಪ್ಪ ಹಾಕಿದರು. ಆಮೇಲೆ ಸೀರೆಯಲ್ಲಿ ರಕ್ತದ ಕಲೆ ಕಂಡಿತು. ತುಪ್ಪವೂ ನಿಂತಿತು.

"ಬಸ್ರೂ ಇಲ್ಲ ಗಿಸ್ರೂ ಇಲ್ಲ. ಓಗು, ಒರಗೆ ಕೂತ್ಕೊ," ಅಂದರು.

ನಮ್ಮಲ್ಲಿ ಮುಟ್ಟಾದವಳು ಕೊಟ್ಟಿಗೆಯ ಮೂಲೆಯಲ್ಲಿ ಕೂರಬೇಕು. ಅವಳನ್ನು ಯಾರೂ ಮುಟ್ಟುವುದಿಲ್ಲ, ಅವಳೂ ಒಲೆ, ಕೊಡ ಮುಟ್ಟುವ ಹಾಗಿಲ್ಲ. ಮೂರು ದಿನಕ್ಕೆ ಮುಗಿಯಬೇಕಾದದ್ದು ಮುಗಿಯಲೇ ಇಲ್ಲ. ವಾಂತಿಯೂ ನಿಲ್ಲಲಿಲ್ಲ. ಕಿಬ್ಬೊಟ್ಟೆಯ ಒಂದು ಕಡೆ ಇರಿದ ಹಾಗೆ ನೋವು. ಮುಟ್ಟಾಗಿದ್ದರೆ ವಾಂತಿ ಯಾಕೆ, ಬಸುರಾಗಿದ್ದರೆ ರಕ್ತ ಯಾಕೆ? ತಲೆಗೆ ಹತ್ತಲಿಲ್ಲ. ಕೇಳೋಣ ಅಂದರೆ ಹತ್ತಿರ ಬರುವವರಿಲ್ಲ. ಒಂದು ಬೆಳಿಗ್ಗೆ ಎದ್ದು ನಿಂತವಳು ಬಿದ್ದುಬಿಟ್ಟೆ. ಆಗ ಮುಟ್ಟಿದರು. ಗಾಡಿಯಲ್ಲಿ ಹೊಳೆನರಸೀಪುರ, ಅಲ್ಲಿಂದ ಬಸ್ಸಿನಲ್ಲಿ ಹಾಸನ.

ಅಲ್ಲಿನ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು. "ಬಸುರು ಗರ್ಭಕೋಶ ಬಿಟ್ಟು ಪಕ್ಕದ ನಾಳದಲ್ಲಿ ಕೂತಿರಬಹುದು. ನಾಳ ಒಡೆದಿದ್ದರೆ ಒಳಗೇ ರಕ್ತ ಸೋರಿ ಜೀವ ಹೋಗುತ್ತೆ," ಅಂದರು. ರಕ್ತ ಇದೆಯೋ ನೋಡಲು ಕೆಳಗಿನಿಂದ ಉದ್ದದ ಸೂಜಿ ಚುಚ್ಚಿ ಎಳೆದರು. ಏನೂ ಬರಲಿಲ್ಲ.

"ಇಲ್ವಲ್ಲ, ನಡಿ ಮನೆಗೋಗಣ," ಎಂದು ಅತ್ತೆ ಗಂಟು ಎತ್ತಿಕೊಂಡರು.

"ರಕ್ತ ಇದ್ದರೂ ಸೂಜಿಗೆ ಸಿಗದೆ ಇರಬಹುದು," ಅಂದರು ಡಾಕ್ಟರಮ್ಮ. ಸುಮ್ಮನೆ ಹೊಟ್ಟೆ ಕೊಯ್ಯಲು ಅವರಿಗೂ ಧೈರ್ಯವಿಲ್ಲ. "ಬೇರೆ ಎಲ್ಲಾದರೂ ನೋವಿದೆಯಾ?"

"ಮಲಗಿದ್ರೆ ಬಲಗಡೆ ಎಗ್ಲು ನೋಯ್ತದೆ. ಅದು ಬುಡಿ, ನೀರು ಒತ್ತೂ ಒತ್ತೂ ಬಂದಿರೋದು," ಅಂದೆ.

ಅತ್ತೆಗೆ ರೇಗಿತು. "ಯಾವ ನೀರಮ್ಮಿ ನೀನು ಒತ್ತಿದ್ದು? ಇಷ್ಟ್ ದಿನ ಒರಗೆ ಕೂತು ಉಂಡವ್ಳೆ ಕಣವ್ವ! ಕೊಡ ಒತ್ತೋಳು ನಾನು. ನೋಯ್ಬೇಕಾದ್ದು ನನ್ನೆಗ್ಲು!"

ಡಾಕ್ಟರಮ್ಮ ತಿರುಗಿದರು. "ಕೊಡ ಮುಟ್ಟೇ ಇಲ್ವಾ?"

"ಒರಗೆ ಕೂತೋಳು ಕೊಡ ಮುಟ್ಟಾಳಾ? ನೀವೊಳ್ಳೆ!"

"ಹಾಗಾದರೆ ಇದು ನೀರು ಹೊತ್ತ ನೋವಲ್ಲ. ಒಳಗೆ ಸೋರಿದ ರಕ್ತ ಮೇಲಕ್ಕೆ ಬಂದರೆ ಹೆಗಲಲ್ಲಿ ನೋವು ಕಾಣುತ್ತೆ," ಎಂದವರು ಮತ್ತೆ ಯಾರನ್ನೂ ಕೇಳಲಿಲ್ಲ. ನನ್ನನ್ನು ಒಳಗೆ ಒಯ್ದರು.

ಹೊಟ್ಟೆ ತುಂಬ ರಕ್ತವಿತ್ತಂತೆ. ಒಂದು ನಾಳ ತೆಗೆದರು. ಬದುಕಿದೆ. ಅತ್ತೆ ಬಯ್ಯದಿದ್ದರೆ ಇಲ್ಲ.

ಊರಿಗೆ ಬಂದ ದಿನ ಅತ್ತೆ ನನ್ನನ್ನು ಹೊಸ್ತಿಲಾಚೆ ನಿಲ್ಲಿಸಿದರು. ಮೈಲಿಗೆ ಕಳೆದು ಒಳಗೆ ಕರೆದುಕೊಳ್ಳಲು ನೀರು ಕಾಯಿಸಿದ್ದರು. ಚೊಂಬು ಎತ್ತಿದವರು ಹಾಗೇ ನಿಂತರು. "ಇದು ಮುಟ್ಟಿನ್ ನೀರೋ, ಸೂತಕದ್ ನೀರೋ? ಯಾವ್ದು ಅಂತ ಉಯ್ಲಮ್ಮಿ?"

"ಯಾವ್ದಾರ ಉಯ್ಯಿ ಅತ್ತೆ, ಚಳಿ ಆಯ್ತದೆ," ಅಂದೆ.