ಬಂಡು ಸಾವಕಾರರ ಮೊದಲ ಮೆಟ್ಟಿಲು

ಬನಹಟ್ಟಿಯ ಕರೆವ್ವ ನಲವತ್ತು ವರ್ಷ ನೇಕಾರರ ಲಾಳಿಗೆ ನೂಲಿನ ಕಂಡಿಕಿ ಸುತ್ತಿಕೊಟ್ಟವಳು. ರಾಟಿ ತಿರುಗಿಸುವ ಕೈ ದಣಿದರೂ ಆಕೆಯ ಬಾಯಿ ದಣಿದದ್ದನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ೧೯೭೪ರ ಶ್ರಾವಣದಲ್ಲಿ ಆ ಕೈಯೇ ಮುರಿಯಿತು. ಬಂಡು ಸಾವಕಾರರ ನೂಲಿನ ಅಂಗಡಿ ಹತ್ತುವಾಗ ಮೊದಲ ಮೆಟ್ಟಿಲಿನ ಕಲ್ಲು ಹೊರಳಿ, ಕರೆವ್ವ ಬುಟ್ಟಿ ಸಮೇತ ಬೀದಿಗೆ ಬಿದ್ದಳು.

“ಕಲ್ಲು ಗಟ್ಟಿ ಐತಿ. ನಾ ದಿನಾ ಹತ್ತತೇನಿ, ನನಗೇನಾಗೈತಿ? ನೀನ ನೋಡಿ ಕಾಲಿಡಬೇಕಿತ್ತವಾ” ಅಂದುಬಿಟ್ಟರು ಸಾವಕಾರರು. ಅದು ಅವರಪ್ಪ ಹಾಕಿಸಿದ ಕಲ್ಲು. ಬೆಳಿಗ್ಗೆ ಅದಕ್ಕೆ ಅರಿಷಿಣ ಕುಂಕುಮ ಹಚ್ಚದೆ ಅಂಗಡಿಯ ಬಾಗಿಲು ತೆಗೆದವರೇ ಅಲ್ಲ. ಅಂಥ ಕಲ್ಲನ್ನು ಕೀಳಿಸುವುದುಂಟೆ?

ಕರೆವ್ವ ಜಗಳಕ್ಕೆ ಹೋಗಲಿಲ್ಲ. ಮರುದಿನ ಕೈ ಕೊರಳಿಗೆ ಕಟ್ಟಿಕೊಂಡು ಎದುರಿನ ಕಟ್ಟೆಯ ಮೇಲೆ ಸುಮ್ಮನೆ ಕೂತಳು. ಕರೆವ್ವ ಸುಮ್ಮನೆ ಕೂತಿದ್ದಾಳೆಂದರೆ ನೋಡಲು ಮಂದಿ ಸೇರದೆ ಇರುತ್ತಾರೆಯೇ! ಮಧ್ಯಾಹ್ನದ ಹೊತ್ತಿಗೆ ಆಕೆ ಬಾಯಿ ತೆರೆದಳು.

“ಸಾವಕಾರ್ರ, ಮುಂಜಾನಿಂದ ಹತ್ತು ಸಲಾ ಏರಿ ಇಳದ್ರಿ. ಹತ್ತೂ ಸಲಾ ಧೋತರ ಎತ್ತಿ ಆ ಕಲ್ಲು ದಾಟೇ ಹೋದ್ರಿ. ನಿಮ್ಮ ಕಾಲಿಗೆ ಗೊತ್ತಿದ್ದದ್ದು ನಮಗ್ಯಾಕ ಹೇಳಲಿಲ್ರಿ?”

ಮಂದಿಯೆಲ್ಲ ಸಾವಕಾರರ ಕಾಲನ್ನೇ ನೋಡಿದರು. ಸಾವಕಾರರೂ ನೋಡಿಕೊಂಡರು.

ಅಂದು ಸಂಜೆಯೇ ಗೌಂಡಿ ಬಂದು ಆ ಕಲ್ಲನ್ನು ಎತ್ತಿ, ಗಾರೆ ಹಾಕಿ ಮತ್ತೆ ಕೂರಿಸಿದ. ದವಾಖಾನೆಯ ಖರ್ಚೂ, ಕೈ ಕೂಡುವವರೆಗಿನ ಕೂಲಿಯೂ ಸಾವಕಾರರ ಮನೆಯಿಂದಲೇ ಬಂತು. ಎರಡು ತಿಂಗಳ ಮೇಲೆ ಕರೆವ್ವ ಮತ್ತೆ ನೂಲಿಗೆ ಹೋದಾಗ ಬಂಡು ಸಾವಕಾರರು ತಾವೇ ಬೀದಿಗಿಳಿದು ಬಂದು, “ಬಾರವಾ, ಈಗ ಖರೇನ ಗಟ್ಟಿ ಐತಿ” ಎಂದರು.

ಕರೆವ್ವ ಬುಟ್ಟಿಯನ್ನು ಟೊಂಕಕ್ಕೇರಿಸಿ ಅಲ್ಲೇ ನಿಂತಳು.

“ಮೊದಲ ನೀವ ಕಾಲಿಡ್ರಿ.”