ಪಂಪಾಪತಿಗೆ ಒಲಿಯದ ಶಹನಾಯಿ

ನಮ್ಮ ಪಂಪಾಪತಿ ನುಡಿಸದ ವಾದ್ಯ ಯಾವುದು ಎಂದು ಕೇಳಿದರೆ ಉತ್ತರ ಬೇಗ ಸಿಗುತ್ತದೆ. ಹಾರ್ಮೋನಿಯಂ, ತಬಲಾ, ಢೋಲಕ್, ಕ್ಲಾರಿಯೊನೆಟ್, ಕೀಬೋರ್ಡ್, ರಿದಂ ಪ್ಯಾಡ್, ಎಲ್ಲದರಲ್ಲೂ ಅವನದು ಎತ್ತಿದ ಕೈ. ಮದುವೆ ದಿನ ತಬಲಾದವನು ಕೈಕೊಟ್ಟರೆ ಅಲ್ಲಿ ಕೂರುತ್ತಾನೆ, ಢೋಲಕ್ಕಿನವನಿಗೆ ಜ್ವರ ಬಂದರೆ ಇಲ್ಲಿ ಕೂರುತ್ತಾನೆ. ಒಮ್ಮೆ ಹಾಡುವವನ ಗಂಟಲು ಕಟ್ಟಿದಾಗ ಹಾಡಿಯೂ ಬಿಟ್ಟ. ಅದೊಂದನ್ನು ಮಾತ್ರ ಮತ್ತೆ ಮಾಡಬೇಡ ಮಾರಾಯ ಎಂದು ನಾವೆಲ್ಲ ಕೈಮುಗಿದಿದ್ದೇವೆ. ರಾಯಚೂರಿನಲ್ಲಿ ಅವನದು ಎರಡು ಕೋಣೆಯ ಮನೆ. "ಇವುಕ್ಕೆಲ್ಲ ಹಾಸಿಗಿ ಅದ, ನಮಗಿಲ್ಲ" ಎಂದು ಅವನ ಹೆಂಡತಿ ನಾಗವೇಣಿ ವಾದ್ಯಗಳ ಕಡೆ ಕೈ ತೋರಿಸುತ್ತಾಳೆ. ಅವನಿಗೆ ಒಲಿಯದೆ ಉಳಿದದ್ದು ಶಹನಾಯಿ ಒಂದೇ.

ನಾನು ಸುಭಾಷ್, ಮೈಕ್‌ಸೆಟ್ಟಿನವನು. ಇಪ್ಪತ್ತು ವರ್ಷದಿಂದ ಪಂಪಾಪತಿ ಎಲ್ಲಿ ನುಡಿಸುತ್ತಾನೋ ಅಲ್ಲಿ ನನ್ನ ವೈರು. ಹಾಗಾಗಿ ಈಗ ಹೇಳುವುದರಲ್ಲಿ ಅವನ ತಪ್ಪು ಎಷ್ಟಿದೆಯೋ ನನ್ನದೂ ಅಷ್ಟೇ ಇದೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅವನು ಮಟಮಾರಿಯ ಕೂಲಿ ಮನೆತನದವನು. ಭಜನೆಯವರ ಹಿಂದೆ ಕೂತು, ಬೆರಳು ನೋಡಿ ನೋಡಿಯೇ ಹಾರ್ಮೋನಿಯಂ ಕಲಿತ. ಆಮೇಲೆ ಕೈಗೆ ಸಿಕ್ಕ ವಾದ್ಯವೆಲ್ಲ ಹದಿನೈದು ದಿನದಲ್ಲಿ ಅವನ ಮಾತು ಕೇಳುತ್ತಿತ್ತು. ಶಹನಾಯಿ ಕೇಳಲಿಲ್ಲ. ಒಂದು ಇಡೀ ಬೇಸಿಗೆ ಊದಿದ. ಕೆನ್ನೆ ನೋವಾಯಿತು, ಓಣಿಯ ನಾಯಿಗಳು ಜಾಗ ಬಿಟ್ಟು ಓಡಿದವು, ಸ್ವರ ಮಾತ್ರ ಹೊರಡಲಿಲ್ಲ. "ಅದೇನ್ ದೊಡ್ಡದಲ್ಲ ಬಿಡು" ಎಂದು ಪಕ್ಕಕ್ಕಿಟ್ಟ. ಆದರೆ ಅದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ನಮ್ಮ ತಂಡದ ಮೌಲಾಹುಸೇನ ಶಹನಾಯಿ ಎತ್ತಿದಾಗಲೆಲ್ಲ ಪಂಪಾಪತಿಯ ಮುಖ ನೋಡಿದವನು ನಾನು. ಅದರಲ್ಲಿ ಭಕ್ತಿಯೂ ಇತ್ತು, ಹೊಟ್ಟೆಕಿಚ್ಚೂ ಇತ್ತು.

ಮೌಲಾಹುಸೇನ ಮಾನ್ವಿಯವನು, ನಮಗಿಂತ ಹತ್ತು ವರ್ಷ ದೊಡ್ಡವನು. ನಾವು ಮೌಲಣ್ಣ ಎನ್ನುತ್ತಿದ್ದೆವು. ಅವನಿಗೆ ಬರುತ್ತಿದ್ದದ್ದು ಅದೊಂದೇ ವಾದ್ಯ. ಟೆಂಪೋದಲ್ಲಿ ಅದನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೇ ಕೂರುತ್ತಿದ್ದ. ಅವನು ಊದಲು ಶುರುಮಾಡಿದರೆ ಒಗ್ಗರಣಿ ಮಿರ್ಚಿ ತಿನ್ನುತ್ತಿದ್ದವರೂ ತಟ್ಟೆ ಹಿಡಿದುಕೊಂಡು ಹೊರಗೆ ಬರುತ್ತಿದ್ದರು.

ಮೂರು ವರ್ಷದ ಹಿಂದೆ ಪಂಪಾಪತಿ ಹೈದರಾಬಾದಿನಿಂದ ಒಂದು ಹಳೆಯ ಕೀಬೋರ್ಡ್ ತಂದ. ಹೊರಗಿನ ದನಿಯನ್ನು ರೆಕಾರ್ಡ್ ಮಾಡಿ ಅದರೊಳಗೆ ತುಂಬಬಹುದಿತ್ತು. ಆಮೇಲೆ ಕೀ ಒತ್ತಿದರೆ ಅದೇ ದನಿ. ಇದು ಗೊತ್ತಾದ ದಿನದಿಂದ ಅವನಿಗೆ ನಿದ್ದೆಯಿಲ್ಲ. ಮೌಲಣ್ಣನನ್ನು ಮನೆಗೆ ಕರೆಸಿದ.

"ನಿನಗ ಅರಾಮಿಲ್ಲದಾಗ ಕೆಲಸಕ್ಕ ಬರ್ತದ ಮೌಲಣ್ಣ. ಒಂದೊಂದ ಸ್ವರ ಊದು, ಸಾಕು."

"ಚೊಲೋ ಆತಲ್ಲೋ. ನನಗ ಜ್ವರ ಬಂದ್ರ ಯಾರದೂ ಮದುವಿ ನಿಲ್ಲಂಗಿಲ್ಲ" ಎಂದು ಮೌಲಣ್ಣ ನಕ್ಕ.

ಸದ್ದಾಗುತ್ತದೆಂದು ನಾಗವೇಣಿ ಫ್ಯಾನು ಆರಿಸಿದಳು. ರಾಯಚೂರಿನ ಏಪ್ರಿಲ್ ಅದು. ಆ ಕುದಿಯಲ್ಲಿ ಮೌಲಣ್ಣ ಎರಡು ತಾಸು ಕೂತು ಒಂದೊಂದೇ ಸ್ವರವನ್ನು ಉದ್ದಕ್ಕೆ, ಗಿಡ್ಡಕ್ಕೆ, ಮೆಲ್ಲಗೆ, ಜೋರಾಗಿ ಊದಿದ. ಬೆವರು ಒರೆಸಿಕೊಳ್ಳುತ್ತ "ಇದು ಬರೋಬ್ಬರಿ ಆಗಲಿಲ್ಲ, ಮತ್ತ ತೊಗೊ" ಎಂದು ತಾನೇ ಹೇಳಿ ಹೇಳಿ ಊದಿದ. ಮೈಕು ಹಿಡಿದಿದ್ದವನು ನಾನು.

ಮುಂದಿನ ತಿಂಗಳು ಮೌಲಣ್ಣ ನೆಂಟರ ಮನೆಗೆ ಹೋಗಿದ್ದಾಗ ಒಂದು ಮದುವೆಯಲ್ಲಿ ಪಂಪಾಪತಿ ಕೀಬೋರ್ಡಿನಲ್ಲೇ ಶಹನಾಯಿ ನುಡಿಸಿದ. ಜನ ಮೆಚ್ಚಿದರು. ಅವನ ಖುಷಿಯನ್ನು ಏನು ಹೇಳಲಿ! ಜೀವಮಾನದಲ್ಲಿ ಒಲಿಯದ್ದು ಕೊನೆಗೂ ಬೆರಳಿಗೆ ಬಂದಿತ್ತು. ಅದಾದ ಮೇಲೆ ಮದುವೆಯವರು, ಶಹನಾಯಿ ಅದರಲ್ಲೇ ಬರುತ್ತದಲ್ಲ, ಒಬ್ಬರು ಕಡಿಮೆ ಬರ್ರಿ ಎನ್ನತೊಡಗಿದರು. ಪಂಪಾಪತಿ ಇಲ್ಲ ಎನ್ನಲಿಲ್ಲ. ಈ ಒಂದು ಮದುವೆ, ಇನ್ನೊಂದು ಮದುವೆ ಎನ್ನುತ್ತಲೇ ಮೌಲಣ್ಣನನ್ನು ಕರೆಯದೆ ಎರಡು ವರ್ಷ ಕಳೆದವು. ನಾನೂ ಬಾಯಿ ಬಿಡಲಿಲ್ಲ. ಇದನ್ನು ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಕಳೆದ ಚಳಿಗಾಲದಲ್ಲಿ ದೇವದುರ್ಗದಿಂದ ಬಸವಪ್ರಸಾದ ಎಂಬ ಯುವಕ ಫೋನ್ ಮಾಡಿದ. ಅವನ ತಂಗಿ ಸ್ವಪ್ನಾಳ ಮದುವೆ. "ನಮ್ಮ ಅಪ್ಪಾರು ಹಟ ಹಿಡದಾರ್ರಿ. ಊದೂ ಶಹನಾಯಿನ ಬೇಕಂತ." ಪಂಪಾಪತಿ ಕುಣಿದುಬಿಟ್ಟ. ಮೌಲಣ್ಣನನ್ನು ಮತ್ತೆ ಅವನ ಜಾಗದಲ್ಲಿ ಕೂರಿಸಲು ದಾರಿ ಸಿಕ್ಕಿತು, ಮಾಡಿದ ತಪ್ಪು ತೊಳೆದುಹೋಗುತ್ತದೆ ಎಂದುಕೊಂಡ. ನನ್ನ ಬೈಕಿನಲ್ಲೇ ಮಾನ್ವಿಗೆ ಹೋದೆವು.

ಬಾಗಿಲು ತೆರೆದವಳು ಮೌಲಣ್ಣನ ಹೆಂಡತಿ ಜಾಹೆದಾ. ಒಳಗೆ ಬನ್ನಿ ಎನ್ನಲಿಲ್ಲ.

"ಮದುವಿಗೆ ಹೋಗೂ ನಿಮ್ಮ ಟೆಂಪೋ ಇದ ದಾರ್‍ಯಾಗ ಹೋಗ್ತದ. ಹಾರನ್ ಕೇಳಿದ್ರ ಸಾಕು, ಇವರು ಬಾಗಲಿಗೆ ಬಂದು ನಿಲ್ತಿದ್ರು. ಎರಡು ವರ್ಷದಾಗ ಒಂದಿನರ ನಿಲ್ಲಿಸೀರೇನ್ರಿ?"

ಒಳಗಿನಿಂದ ಕೆಮ್ಮುತ್ತ ಮೌಲಣ್ಣ ಬಂದ. ಅಕ್ಕಿ ಗಿರಣಿಯಲ್ಲಿ ಚೀಲ ಹೊಲಿಯುವ ಕೆಲಸಕ್ಕೆ ಸೇರಿದ್ದನಂತೆ, ಹುಬ್ಬಿನ ಮೇಲೆಲ್ಲ ತೌಡಿನ ಧೂಳು. ವಿಷಯ ಕೇಳಿ ಹೆಂಡತಿಯ ಕಡೆ ನೋಡದೆ, "ಬರ್ತೀನಿ" ಎಂದ. ಒಂದು ವಾರ ಗಿರಣಿಯಿಂದ ಬಂದು ದಿನಾ ಸಂಜೆ ಅಭ್ಯಾಸ ಮಾಡಿದನಂತೆ.

ಮದುವೆಯ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿಕೊಂಡು ಮೌಲಣ್ಣ ನನ್ನ ಮೈಕಿನ ಮುಂದೆ ಕೂತ. ಮೊದಲ ಸ್ವರ ಸರಿಯಾಗಿಯೇ ಬಂತು. ಎರಡನೆಯದಕ್ಕೆ ಉಸಿರು ಸಾಲಲಿಲ್ಲ. ಮೇಲಿನ ಸ್ವರ ಒಡೆಯಿತು. ನಿಲ್ಲಿಸಿ, ನೀರು ಕುಡಿದು, ಮತ್ತೆ ಊದಿದ, ಮತ್ತೆ ಒಡೆಯಿತು. ಕುರ್ಚಿಯಲ್ಲಿದ್ದವರು ತಿರುಗಿ ನೋಡಿದರು. ಬಸವಪ್ರಸಾದ ಓಡಿಬಂದ.

"ಪಂಪಾಪತಿಯವ್ರ, ಹೋದ ತಿಂಗಳ ಮಸರಕಲ್ ಮದುವ್ಯಾಗ ಬಾರಿಸಿದ್ರಲ್ಲ, ಆ ಶಹನಾಯಿ ಹಚ್ಚಿಬಿಡ್ರಿ. ಅದು ಭಾಳ ಚೊಲೋ ಇತ್ತು. ಇವರದು ಬರಾಂಗಿಲ್ಲ. ಇವರು ಸುಮ್ನ ಬಾಯಿಗೆ ಹಿಡಕೊಂಡು ಕೂಡ್ಲಿ, ಅಪ್ಪಾರಿಗೆ ತಿಳಿಯಂಗಿಲ್ಲ."

ಅವನಿಗೆ ಗೊತ್ತಿರಲಿಲ್ಲ, ಆ ಶಹನಾಯಿಯೂ ಮೌಲಣ್ಣನದೇ ಎಂದು. ಪಂಪಾಪತಿಯ ಮುಖ ಬಿಳಿಚಿಕೊಂಡಿತು. "ಇಲ್ರಿ, ಮೌಲಣ್ಣನ ಊದ್ತಾನ. ಸ್ವಲ್ಪ ತಡೀರಿ" ಎಂದ. ಅಷ್ಟರಲ್ಲಿ ಅಕ್ಷತೆಯ ಅಕ್ಕಿಕಾಳು ಹಂಚಿಯಾಗಿತ್ತು. ಮದುವೆ ಮಾಡಿಸುವ ಸ್ವಾಮಿಗಳು ನಮ್ಮ ಕಡೆ ನೋಡಿ ಕೈಸನ್ನೆ ಮಾಡಿದರು.

"ಬಾರಸಲೇ ಪಂಪ್ಯಾ, ಹೊತ್ತಾಗ್ತದ" ಎಂದ ಮೌಲಣ್ಣ.

ಪಂಪಾಪತಿ ಕೀ ಒತ್ತಿದ. ಮಂಟಪದ ತುಂಬ ಶಹನಾಯಿ ಎದ್ದಿತು. ಮೂರು ವರ್ಷದ ಹಿಂದಿನ ಮೌಲಣ್ಣನ ಉಸಿರು, ಎಲ್ಲೂ ಒಡೆಯದ್ದು. ಈಗಿನ ಮೌಲಣ್ಣ ಪಕ್ಕದಲ್ಲಿ ಕೂತು, ಶಹನಾಯಿಯನ್ನು ತುಟಿಗೆ ಹಿಡಿದು, ಊದದೆ, ಸ್ವರಕ್ಕೆ ಸರಿಯಾಗಿ ಬೆರಳಾಡಿಸಿದ. ಒಂದು ಬೆರಳೂ ತಪ್ಪಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು, ವೈರು ಸುತ್ತುವ ನೆಪದಲ್ಲಿ ಬಗ್ಗಿಕೊಂಡೆ.

ಅಕ್ಕಿಕಾಳು ಬಿದ್ದ ಮೇಲೆ ಹುಡುಗಿಯ ತಂದೆ ಮಲ್ಲಯ್ಯನವರು ತಾವೇ ಬಂದು ಮೌಲಣ್ಣನಿಗೆ ಶಾಲು ಹೊದಿಸಿದರು. "ಪೆಟ್ಟಿಗಿ ಶಹನಾಯಿ ಕೇಳಿ ಕೇಳಿ ಸಾಕಾಗಿತ್ರಿ. ಮನಷ್ಯಾ ಊದಿದ್ದು ಬ್ಯಾರೆನ ಬಿಡ್ರಿ." ಮೌಲಣ್ಣ ತಲೆ ಬಗ್ಗಿಸಿ ಸಲಾಂ ಮಾಡಿದ. ಪಂಪಾಪತಿ ಬಾಯಿ ತೆರೆದ, ಮೌಲಣ್ಣ ಅವನ ಕೈ ಹಿಸುಕಿ ಸುಮ್ಮನಾಗಿಸಿದ.

ಊಟ ಮಾಡದೆ ಮೌಲಣ್ಣ ಬಸ್‌ಸ್ಟ್ಯಾಂಡಿಗೆ ಹೊರಟ. ಟೆಂಪೋದಲ್ಲಿ ಬಾ ಎಂದರೂ ಕೇಳಲಿಲ್ಲ. ನಾವಿಬ್ಬರೂ ಹಿಂದೆ ಹೋದೆವು. ಮಾನ್ವಿಯ ಬಸ್ಸು ನಿಂತಿತ್ತು. ಅಷ್ಟು ಜನರ ನಡುವೆ ಪಂಪಾಪತಿ ಅತ್ತುಬಿಟ್ಟ.

"ನಿನ್ನ ಕೆಲಸ ನಾನ ಕಸಗೊಂಡೆ ಮೌಲಣ್ಣ. ಇವತ್ತ ಅದನ್ನ ಅಳಿಸಿ ಹಾಕ್ತೀನಿ. ಇನ್ನ ಮುಟ್ಟಂಗಿಲ್ಲ."

ಮೌಲಣ್ಣ ಹೆದರಿದವನಂತೆ ಅವನ ತೋಳು ಹಿಡಿದುಕೊಂಡ.

"ಅಳಿಸಬ್ಯಾಡಲೇ. ಆ ಉಸರು ಈಗ ನನ್ನ ಹತ್ರ ಇಲ್ಲ, ಅಲ್ಲೊಂದ ಕಡಿ ಅದ." ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಮತ್ತೆ ತಿರುಗಿದ. "ನನ್ನ ಮೊಬೈಲಿಗೂ ಒಂದೀಟು ಹಾಕಿ ಕಳಸು. ಕೇಳಬೇಕು ಅನ್ನಿಸಿದ್ರ ಕೇಳ್ತೀನಿ."